ಮನೆಯ ಛಾವಣಿಯೂ ಶಾಖದ ಸಂಚಾರವೂ

ಸಿಂಧನೂರು ತಾಲ್ಲೂಕಿನ ಮುಕ್ಕುಂದದಂತಹ ಊರುಗಳಲ್ಲಿ ಎರಡು ಬಗೆಯ ಛಾವಣಿಗಳನ್ನು ಅಕ್ಕಪಕ್ಕದಲ್ಲಿಯೇ ಕಾಣಬಹುದು. ಒಂದು, ಹಿರಿಯರು ಕಟ್ಟಿದ ಮಣ್ಣಿನ ಮಾಳಿಗೆ. ಇನ್ನೊಂದು, ಈಚೆಗೆ ಹೊದಿಸಿದ ಸಿಮೆಂಟು ತಗಡು. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಅಪರೂಪವಲ್ಲ. ಅಂತಹ ಮಧ್ಯಾಹ್ನ ತಗಡಿನ ಕೋಣೆಯಲ್ಲಿ ಓದಲು ಕುಳಿತ ವಿದ್ಯಾರ್ಥಿಯು ಸ್ವಲ್ಪ ಹೊತ್ತಿಗೇ ಪುಸ್ತಕದೊಡನೆ ಮಾಳಿಗೆಯ ಕೆಳಗೆ ಬಂದು ಕೂಡುತ್ತಾನೆ. ಬಿಸಿಲು ಒಂದೇ, ಗಾಳಿಯೂ ಒಂದೇ. ಹಾಗಾದರೆ ಈ ಅಂತರಕ್ಕೆ ಕಾರಣವೇನು?

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಗಳಲ್ಲಿ ಸಂಚರಿಸುತ್ತದೆಂಬುದು ವಾಚಕರಿಗೆ ತಿಳಿದ ಸಂಗತಿ. ನಡುಹಗಲಿನ ನಿರ್ಮಲ ಆಕಾಶದಿಂದ ಛಾವಣಿಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1000 ವಾಟುಗಳಷ್ಟು ಸೌರಶಕ್ತಿ ಬೀಳುತ್ತದೆ. ಕಪ್ಪಾದ ಸಿಮೆಂಟು ತಗಡು ಇದರ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಅದರ ದಪ್ಪವು ಕೇವಲ 6 ಮಿಲಿಮೀಟರು. ಆದಕಾರಣ ಮೇಲ್ಮೈಯ ಶಾಖವು ತಡವಿಲ್ಲದೆ ಕೆಳಮೈಗೆ ಇಳಿಯುತ್ತದೆ. ಕೆಳಮೈಯು 60 ಡಿಗ್ರಿಗೂ ಕೋಣೆಯ ವಸ್ತುಗಳು 40 ಡಿಗ್ರಿಗೂ ಕಾದಿವೆಯೆನ್ನೋಣ. ಆಗ ವಿಕಿರಣದಿಂದಲೇ ಪ್ರತಿ ಚದರ ಮೀಟರಿಗೆ ಸುಮಾರು 130 ವಾಟುಗಳು ಕೆಳಗೆ ಸುರಿಯುತ್ತವೆ. ಮೂರು ಮೀಟರು ಅಗಲ, ನಾಲ್ಕು ಮೀಟರು ಉದ್ದದ ಕೋಣೆಯಲ್ಲಿ ಇದು ಒಂದೂವರೆ ಕಿಲೋವಾಟಿನ ವಿದ್ಯುತ್ ಒಲೆಯನ್ನು ತಲೆಯ ಮೇಲೆ ತೂಗುಹಾಕಿದುದಕ್ಕೆ ಸಮ. ಬೀಸಣಿಗೆಯು ಗಾಳಿಯನ್ನು ಕದಡಬಲ್ಲುದೇ ಹೊರತು ಈ ವಿಕಿರಣವನ್ನು ತಡೆಯಲಾರದು.

ಇನ್ನು ಮಾಳಿಗೆಯನ್ನು ನೋಡೋಣ. ತೊಲೆ, ಜಂತಿಗಳ ಮೇಲೆ ಮಣ್ಣಿನ ದಪ್ಪ ಪದರ. ನೀರು ಇಂಗದಂತೆ ಅದರ ಮೇಲೆ ಸವಳು ಮಣ್ಣು. ಒಣಮಣ್ಣಿನ ಶಾಖವಾಹಕತೆಯು ಕಾಂಕ್ರೀಟಿನದರ ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ. ಅದಕ್ಕಿಂತ ಮುಖ್ಯವಾದುದು, ಶಾಖವು ಅದರಲ್ಲಿ ಹಾಯಲು ತೆಗೆದುಕೊಳ್ಳುವ ಕಾಲ. ಲೆಕ್ಕ ಮಾಡಿದರೆ, 20 ಸೆಂಟಿಮೀಟರು ದಪ್ಪದ ಮಣ್ಣಿನಲ್ಲಿ ಹಗಲಿನ ಶಾಖದ ಅಲೆಯು ಒಳಗೆ ತಲುಪಲು ಏಳೆಂಟು ಗಂಟೆಗಳು ಬೇಕು. ಅಷ್ಟರಲ್ಲಿ ಅದರ ಏರಿಳಿತವು ಸುಮಾರು ಏಳರಲ್ಲಿ ಒಂದು ಪಾಲಿಗೆ ಕುಗ್ಗಿರುತ್ತದೆ. ಮಧ್ಯಾಹ್ನದ ಬಿಸಿಲು ಹೀಗೆ ಒಳಗಿನವರನ್ನು ಮುಟ್ಟುವುದು ರಾತ್ರಿಯ ಊಟದ ಹೊತ್ತಿಗೆ. ಆ ವೇಳೆಗೆ ಹೊರಗಾಳಿ ತಣಿಯತೊಡಗಿರುತ್ತದೆ. ಬಾಗಿಲನ್ನೂ ಮೇಲಿನ ಬೆಳಕಿಂಡಿಯನ್ನೂ ತೆರೆದರೆ ಹಗುರವಾದ ಬಿಸಿಗಾಳಿ ಮೇಲಿನಿಂದ ಹೊರಬೀಳುತ್ತದೆ. ತಂಪುಗಾಳಿ ಕೆಳಗಿನಿಂದ ಒಳಬರುತ್ತದೆ. ಶಾಖವನ್ನು ತಡೆಯುವುದು ಒಂದು ಕೆಲಸ, ಒಳಸೇರಿದುದನ್ನು ಹೊರಗಟ್ಟುವುದು ಇನ್ನೊಂದು ಕೆಲಸ. ಇವೆರಡೂ ಕೂಡಿದಾಗಲೇ ಮನೆ ತಂಪು.

ಈ ನಿಯಮವು ಉಷ್ಣದೇಶಕ್ಕೆ ಮಾತ್ರ ಮೀಸಲಲ್ಲ. ಹಿಮ ಬೀಳುವ ಕೆನಡಾದಂತಹ ದೇಶಗಳ ಅನೇಕ ಮನೆಗಳಲ್ಲಿ ಇಳಿಜಾರು ಛಾವಣಿಯ ಕೆಳಗೆ ಒಂದು ಅಟ್ಟವಿರುತ್ತದೆ. ಕೋಣೆಯ ಶಾಖವು ಮೇಲೇರಿ ಪೋಲಾಗದಂತೆ ಅಟ್ಟದ ನೆಲದ ಸಂದುಗಳನ್ನು ಮುಚ್ಚಿ, ಅದರ ಮೇಲೆ ಗಾಜಿನ ನಾರಿನಂತಹ ಅವಾಹಕವನ್ನು ದಪ್ಪವಾಗಿ ಹರಡುತ್ತಾರೆ. ಆದರೆ ಅಟ್ಟವನ್ನು ಪೂರ್ತಿ ಮುಚ್ಚಿಬಿಡುವುದಿಲ್ಲ. ಸೂರಿನ ಅಂಚಿನಲ್ಲಿಯೂ ನೆತ್ತಿಯಲ್ಲಿಯೂ ಗಾಳಿಕಿಂಡಿಗಳನ್ನು ಬಿಡುತ್ತಾರೆ. ಹಾಗೆ ಬಿಡದಿದ್ದರೆ ಮನೆಯ ನೀರಾವಿಯು ತಣ್ಣನೆಯ ಹಲಗೆಗಳ ಮೇಲೆ ಹನಿಗಟ್ಟಿ ಮರವನ್ನು ಕೊಳೆಯಿಸುತ್ತದೆ. ಅಲ್ಲದೆ, ಸೋರಿದ ಶಾಖದಿಂದ ಛಾವಣಿಯ ಹಿಮ ಕರಗಿ, ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ, ನೀರಿಗೆ ಕಟ್ಟೆ ಕಟ್ಟಿದಂತಾಗುತ್ತದೆ. ಅಲ್ಲಿ ಶಾಖದ ದಾರಿ ಕೆಳಗಿನಿಂದ ಮೇಲಕ್ಕೆ, ನಮ್ಮಲ್ಲಿ ಮೇಲಿನಿಂದ ಕೆಳಕ್ಕೆ. ಉಪಾಯ ಮಾತ್ರ ಒಂದೇ.

ಹಾಗಾದರೆ ಎಲ್ಲರೂ ಮಾಳಿಗೆಗೆ ಮರಳಬೇಕೆ? ಮಾಳಿಗೆಯ ಭಾರ ಬಹಳ. ವರ್ಷವರ್ಷವೂ ಅದಕ್ಕೆ ಆರೈಕೆ ಬೇಕು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಆರಂಭವಾದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದುದನ್ನು ಮರೆಯಲಾಗದು. ತಗಡು ಹೊದಿಸಿದವರು ತಿಳಿಯದೆ ಹೊದಿಸಿದವರಲ್ಲ. ಆದುದರಿಂದ ಮಾಳಿಗೆಯ ಗುಣವನ್ನು ತಗಡಿಗೂ ಕಾಂಕ್ರೀಟಿಗೂ ತಂದುಕೊಳ್ಳುವುದೇ ವಿವೇಕ.

ಮೊದಲನೆಯದು, ಸುಣ್ಣ. ಛಾವಣಿಯ ಮೇಲ್ಮೈಗೆ ಹೊಡೆದ ಬಿಳಿ ಸುಣ್ಣವು ಬಿಸಿಲಿನ ಬಹುಭಾಗವನ್ನು ಹಿಂದಿರುಗಿಸುತ್ತದೆ. ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ. ಆದರೆ ಮಳೆ, ಧೂಳುಗಳಿಂದ ಮಾಸುವುದರಿಂದ ಪ್ರತಿ ಬೇಸಗೆಯ ಮುನ್ನ ಮತ್ತೆ ಹೊಡೆಯಬೇಕು. ಎರಡನೆಯದು, ಒಳಛಾವಣಿ. ತಗಡಿನ ಕೆಳಗೆ ಒಂದು ಗೇಣು ಬಿಟ್ಟು, ಮಣ್ಣು ಮೆತ್ತಿದ ಬಿದಿರಿನ ತಟ್ಟಿಯನ್ನು ಭದ್ರವಾಗಿ ಕಟ್ಟಿದರೆ ನೇರ ವಿಕಿರಣವು ಅಲ್ಲಿಯೇ ನಿಲ್ಲುತ್ತದೆ. ನಡುವಿನ ಖಾಲಿಯ ಎರಡೂ ತುದಿಗಳನ್ನು, ಕೆಳಗೊಂದು ಮೇಲೊಂದರಂತೆ, ಹಗಲಿರುಳೂ ತೆರೆದಿಡಬೇಕು. ಅದೇ ನಮ್ಮ ಅಟ್ಟ. ಮೂರನೆಯದು ಕಾಂಕ್ರೀಟಿಗೆ ಸಂಬಂಧಿಸಿದ್ದು. 5 ಸೆಂಟಿಮೀಟರು ದಪ್ಪದ ಥರ್ಮೊಕೋಲು ಶಾಖವನ್ನು ತಡೆಯುವುದರಲ್ಲಿ ಸುಮಾರು 2 ಮೀಟರು ಕಾಂಕ್ರೀಟಿಗೆ ಸಮ! ಅದರೊಳಗೆ ಸೆರೆಯಾಗಿ ನಿಂತ ಗಾಳಿಯೇ ಇದಕ್ಕೆ ಕಾರಣ. ಆದರೆ ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಕೋಣೆಯೊಳಗೆ ಬಿಡಿಯಾಗಿ ಅಂಟಿಸದೆ, ತಾರಸಿಯ ಮೇಲೆ ಹಾಸಿ, ನೀರು ಇಳಿಯದಂತೆ ಗಾರೆಯಿಂದ ಮುಚ್ಚಬೇಕು.

ಕೋಣೆಯ ಕಿಟಕಿಗಳ ಮಾತು ಬೇರೆ. ಹೊರಗಾಳಿಯು ಒಳಗಿನದಕ್ಕಿಂತ ಬಿಸಿಯಾಗಿರುವಷ್ಟು ಹೊತ್ತು ಅವನ್ನು ಮುಚ್ಚಿರಿ, ತಣಿದೊಡನೆ ತೆರೆಯಿರಿ. ತಡೆ ಮಾತ್ರ ಇದ್ದು ಗಾಳಿಯಾಟವಿಲ್ಲದ ಮನೆಯು ಹಗಲಿನ ಶಾಖವನ್ನು ರಾತ್ರಿಯೂ ಬಿಡದು. ಅದರ ಕಷ್ಟವನ್ನು ಹೆಚ್ಚಾಗಿ ಉಣ್ಣುವವರು ಹಸುಳೆಗಳು, ವೃದ್ಧರು ಮತ್ತು ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದವರು.

ಕೊನೆಗೊಂದು ಪ್ರಯೋಗ. ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು ಒಂದನ್ನು ಛಾವಣಿಯ ಹತ್ತಿರವೂ ಇನ್ನೊಂದನ್ನು ಮಂಚದ ಎತ್ತರದಲ್ಲಿಯೂ ತೂಗುಹಾಕಿ, ಬೆಳಗಿನಿಂದ ಮಧ್ಯರಾತ್ರಿಯವರೆಗೆ ಎರಡೆರಡು ಗಂಟೆಗೊಮ್ಮೆ ಗುರುತು ಹಾಕಿಕೊಳ್ಳಿರಿ. ಸುಣ್ಣ ಹೊಡೆದ ಮೇಲೆ ಅಷ್ಟೇ ಬಿಸಿಲಿನ ಇನ್ನೊಂದು ದಿನ ಮತ್ತೆ ಅಳೆಯಿರಿ. ಎರಡು ನಕ್ಷೆಗಳನ್ನು ಒಂದೇ ಹಾಳೆಯ ಮೇಲೆ ಬರೆದಾಗ ಅವುಗಳ ನಡುವೆ ಕಾಣುವ ಅಂತರವೇ ನೀವು ಮನೆಯವರಿಗೆ ಗಳಿಸಿಕೊಟ್ಟ ತಂಪು.