ವೈದ್ಯರ ಮುಂದೆ ಮುಚ್ಚಿಡುವ ಮಾತು



ಹದಿನಾರರ ಮಗ ಊಟ ಬಿಟ್ಟಿದ್ದಾನೆ, ರಾತ್ರಿಯೆಲ್ಲ ಎಚ್ಚರವಾಗಿರುತ್ತಾನೆ, ಮಾತನಾಡಿಸಿದರೆ ಸಿಡುಕುತ್ತಾನೆ. ನೀವು ಅವನನ್ನು ಗುರುಗಳ ಬಳಿಗೆ ಕರೆತಂದು, "ಪ್ರಾರ್ಥನೆ ಮಾಡಿ ಫಾದರ್" ಎನ್ನುತ್ತೀರಿ. ಖಂಡಿತ ಮಾಡುತ್ತೇವೆ. ಆದರೆ ಎರಡು ವಾರ ಕಳೆದರೂ ಈ ಸ್ಥಿತಿ ಬದಲಾಗದಿದ್ದರೆ ಅದು ಖಿನ್ನತೆಯ ಕಾಯಿಲೆಯಿರಬಹುದು, ಮನೋವೈದ್ಯರಿಗೆ ತೋರಿಸಬೇಕು. ಸಾವನ್ನೇ ಬೇಡಿಕೊಂಡು ಗಿಡದಡಿ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಗದರಿಸಲಿಲ್ಲ. ಎರಡು ಸಲ ಎಬ್ಬಿಸಿ ಉಣಿಸಿದನು. ಖಿನ್ನತೆಯನ್ನು ವಿಶ್ವಾಸದ ಕೊರತೆ ಎನ್ನುವವರು ಇದನ್ನು ನೆನಪಿಡಲಿ.

ನಾನು ಹೇಳಬೇಕೆಂದಿರುವುದು ವೈದ್ಯರ ಕೋಣೆಯಲ್ಲಿ ನಡೆಯುವ ಒಂದು ತಪ್ಪಿನ ಬಗ್ಗೆ. "ಮನೆಯಲ್ಲಿ ಏನಾದರೂ ತೊಂದರೆ ಇತ್ತೇ?" ಎಂದು ಅವರು ಕೇಳುತ್ತಾರೆ. "ಏನೂ ಇಲ್ಲ ಡಾಕ್ಟ್ರೇ" ಎಂದುಬಿಡುತ್ತೇವೆ. ಅಪ್ಪನ ಕುಡಿತ, ಬೆಲ್ಟಿನ ಏಟು, ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಯಾರೋ ಕೆಟ್ಟದಾಗಿ ಮೈಮುಟ್ಟಿದ್ದು, ಯಾವುದೂ ಹೊರಗೆ ಬರುವುದಿಲ್ಲ. ಮನೆತನದ ಮರ್ಯಾದೆ! (ಇಂಥದ್ದು ಧರ್ಮಸಭೆಯ ಅಂಗಳದಲ್ಲೂ ನಡೆದಿದೆ, ಮುಚ್ಚಿಟ್ಟದ್ದೂ ಉಂಟು. ಅದನ್ನು ಒಪ್ಪಿಕೊಳ್ಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.)

ಬಾಲ್ಯದ ಗಾಯ ತಾನಾಗಿ ಮಾಯುತ್ತದೆಯೇ? ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 9,500ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ವಿಚಾರಿಸಿ 1998ರಲ್ಲಿ ವರದಿ ಪ್ರಕಟಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಇಂಥವರ ಖಿನ್ನತೆ ಮರುಕಳಿಸುವುದೂ ಹೆಚ್ಚು. ಆದ್ದರಿಂದ ವೈದ್ಯರಿಗೆ ಹಿಂದಿನದು ತಿಳಿದಿರಬೇಕು. ಏಟು ಇಂದಿಗೂ ನಿಂತಿಲ್ಲವಾದರೆ ಮಾತ್ರೆಯೊಂದೇ ಏನು ಮಾಡೀತು?

ಹಾಗೆಂದು ಕೈಚೆಲ್ಲಬೇಡಿ. 12ರಿಂದ 17 ವಯಸ್ಸಿನ 439 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಫ್ಲುಆಕ್ಸೆಟಿನ್ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ 12 ವಾರಗಳಲ್ಲಿ 100ಕ್ಕೆ 71 ಮಂದಿ ಚೇತರಿಕೆ ಕಂಡರು. ಮಾತ್ರೆಯೊಂದರಿಂದ 61, ಮಾತಿನ ಚಿಕಿತ್ಸೆಯೊಂದರಿಂದ 43, ಔಷಧವಿಲ್ಲದ ಪೊಳ್ಳು ಮಾತ್ರೆಯಿಂದ 35. ಬಾಲ್ಯದಲ್ಲಿ ನೊಂದವರಿಗೆ ಚಿಕಿತ್ಸೆ ಹಿಡಿಯುವುದಿಲ್ಲ ಎಂಬ ಮಾತನ್ನೂ 2022ರ ಒಂದು ಅಧ್ಯಯನ ಅಲ್ಲಗಳೆಯಿತು. 6,800ಕ್ಕೂ ಹೆಚ್ಚು ವಯಸ್ಕ ರೋಗಿಗಳನ್ನು ಒಳಗೊಂಡ 29 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೊಂದವರ ಕಾಯಿಲೆ ಆರಂಭದಲ್ಲಿ ಹೆಚ್ಚು ತೀವ್ರವಾಗಿದ್ದರೂ ಚಿಕಿತ್ಸೆಯ ಫಲ ಇತರರಷ್ಟೇ ಸಿಕ್ಕಿತ್ತು.

ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ. ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ಸಾಯುವ ಯೋಚನೆ ಹೆಚ್ಚಬಹುದು. ಕಣ್ಣಿಟ್ಟಿರಿ, ಅಂಥ ಮಾತು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಗನನ್ನು ವೈದ್ಯರೊಡನೆ ಒಬ್ಬನನ್ನೇ ಮಾತನಾಡಲು ಬಿಡಿ. ನೀವು ಹೊರಗೆ ಬೆಂಚಿನ ಮೇಲೆ ಕುಳಿತಿರಿ. ಒಳಗೆ ಏನು ಹೇಳಿದೆ ಎಂದು ದಾರಿಯಲ್ಲಿ ಕೇಳಬೇಡಿ.