‘ನೆಕ್ಸ್ಟ್ ಥರ್ಸ್‌ಡೇ’ ಅಂದ್ರೆ ಯಾವ ಗುರುವಾರ?

ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆ ವಾರದಲ್ಲಿ ಎರಡು ದಿನ: ಸೋಮವಾರ ಮತ್ತು ಗುರುವಾರ. ಇವತ್ತು 6ನೇ ತಾರೀಖು, ಮಂಗಳವಾರ ಅಂತ ಇಟ್ಕೊಳ್ಳಿ. ರೈತರ ಮನೆಯ ಹುಡುಗನ ಮೊಬೈಲಿಗೆ ದಲಾಲಿ ಅಂಗಡಿಯಿಂದ ಇಂಗ್ಲಿಷ್ ಮೆಸೇಜ್ ಬರುತ್ತೆ: ‘ಬ್ರಿಂಗ್ ದ ಬ್ಯಾಗ್ಸ್ ನೆಕ್ಸ್ಟ್ ಥರ್ಸ್‌ಡೇ.’ ಚೀಲ ಹೇರಬೇಕಾದ್ದು 8ಕ್ಕೋ, 15ಕ್ಕೋ?

ಇದು ಬರೀ ಗ್ರಾಮರ್ ಪ್ರಶ್ನೆ ಅಲ್ಲ. ಒಂದು ಪೇಟೆ ದಿನದಿಂದ ಇನ್ನೊಂದಕ್ಕೆ ರೇಟು ಬದಲಾಗುತ್ತೆ. 2024ರ ಮಾರ್ಚ್ 11, ಸೋಮವಾರ, ರೇಟು ಕುಸಿದಾಗ ರೈತರ ಸಿಟ್ಟು ಇದೇ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚುವ ತನಕ ಹೋಗಿತ್ತು.

‘ನೆಕ್ಸ್ಟ್’ ಪದದ ಮೂಲ ಅರ್ಥ ‘ಎಲ್ಲಕ್ಕಿಂತ ಹತ್ತಿರದ’. ಆ ಲೆಕ್ಕದಲ್ಲಿ ಉತ್ತರ 8. ಆದರೆ ಇಂಗ್ಲಿಷ್ ಮನೆಮಾತಿನವರಲ್ಲೇ ಬಹಳ ಜನ ಈ ವಾರದ್ದಕ್ಕೆ ‘ದಿಸ್ ಥರ್ಸ್‌ಡೇ’, ಮುಂದಿನ ವಾರದ್ದಕ್ಕೆ ‘ನೆಕ್ಸ್ಟ್ ಥರ್ಸ್‌ಡೇ’ ಅಂತಾರೆ. ಅವರಿಗೆ ಉತ್ತರ 15. ಎರಡೂ ಬಳಕೆಯಲ್ಲಿವೆ, ಯಾವುದೂ ತಪ್ಪಲ್ಲ. ತೊಂದರೆ ಇರೋದೇ ಅಲ್ಲಿ. ಬ್ರಿಟನ್ನಿನಲ್ಲಿ 15ಕ್ಕೆ ‘ಥರ್ಸ್‌ಡೇ ವೀಕ್’ ಅನ್ನೋದೂ ಉಂಟು, ಅಂದ್ರೆ ಬರೋ ಗುರುವಾರ ಕಳೆದು ಒಂದು ವಾರಕ್ಕೆ.

ಕನ್ನಡದ ‘ಮುಂದಿನ ಗುರುವಾರ’ಕ್ಕೂ ಇದೇ ರೋಗ ಇದೆ. ಆದರೆ ನಮ್ಮ ಹತ್ರ ಮದ್ದೂ ಇದೆ. ಮಂಗಳವಾರ ನಿಂತು 8ನೇ ತಾರೀಖಿಗೆ ‘ನಾಡಿದ್ದು’ ಅಂದ್ರೆ ಮುಗೀತು. ಈಗಿನ ಇಂಗ್ಲಿಷಿನಲ್ಲಿ ಅದಕ್ಕೆ ಬಳಕೆಯ ಒಂಟಿ ಪದ ಇಲ್ಲ, ‘ದ ಡೇ ಆಫ್ಟರ್ ಟುಮಾರೋ’ ಅಂತ ಉದ್ದಕ್ಕೆ ಹೇಳಬೇಕು. ಇನ್ನು ‘ಬರೋ ಗುರುವಾರ’ ಅಂದ್ರೆ 8, ‘ಮುಂದಿನ ವಾರ, ಗುರುವಾರ’ ಅಂದ್ರೆ 15.

ಬಳಸುವಾಗ ಮೂರು ವಿಷಯ ನೆನಪಿರಲಿ:

1. ‘ನೆಕ್ಸ್ಟ್ ಥರ್ಸ್‌ಡೇ’ ಮುಂದೆ ‘ಆನ್’ ಬೇಡ. ‘ಸೀ ಯು ನೆಕ್ಸ್ಟ್ ಥರ್ಸ್‌ಡೇ’ ಸಾಕು.

2. ‘ನೆಕ್ಸ್ಟ್ ವೀಕ್’ ಅಂದ್ರೆ ಈ ವಾರ ಮುಗಿದ ಮೇಲೆ ಬರುವ ವಾರ. ‘ಇನ್ ದ ನೆಕ್ಸ್ಟ್ ವೀಕ್’ ಅಂದ್ರೆ ಸಾಮಾನ್ಯವಾಗಿ ಇವತ್ತಿನಿಂದ ಏಳು ದಿನದೊಳಗೆ. ಒಂದು ‘ದ’ ಸೇರಿದರೆ ಅಸೈನ್‌ಮೆಂಟಿನ ಗಡುವೇ ಬದಲಾಗಬಹುದು!

3. ಅನುಮಾನ ಬಂದರೆ ವಾರದ ಜೊತೆ ತಾರೀಖು ಬರೆಯಿರಿ: ‘ಥರ್ಸ್‌ಡೇ, 15ತ್’. ಬರೆದವರು ನೀವಲ್ಲದಿದ್ದರೆ ‘8ಕ್ಕಾ, 15ಕ್ಕಾ?’ ಅಂತ ವಾಪಸ್ ಕೇಳಿ. ಪ್ರಾಬ್ಲಂ ಬಿಡಿಸಿ ಯುನಿಟ್ ಬರೆಯದಿದ್ದರೆ ಮಾರ್ಕ್ಸ್ ಹೋಗುತ್ತೆ ಅಂತ ನಮಗೆಲ್ಲ ಗೊತ್ತು. ತಾರೀಖಿಲ್ಲದ ‘ನೆಕ್ಸ್ಟ್’ ಕೂಡ ಹಾಗೇ.