ಶರದೃತುವಿನಲ್ಲಿ ಕಾವೇರಿಗೆ ಗಾಳ ಕೊಂಡೊಯ್ಯುವವರಿಗೆ

ಮುಂಗಾರಿನ ಉಬ್ಬರವಿಳಿದು, ಕೊಡಗಿನ ಬೆಟ್ಟಗಳಿಂದ ಕೊಚ್ಚಿಬಂದ ಕೆಮ್ಮಣ್ಣು ಮಡುಗಳ ತಳದಲ್ಲಿ ನೆಲೆಸಿ, ನದಿಯು ತನ್ನ ಸಹಜವರ್ಣಕ್ಕೆ ಮೆಲ್ಲನೆ ಮರಳುವ ಆಶ್ವಯುಜ ಕಾರ್ತಿಕ ಮಾಸಗಳಲ್ಲಿ ಕಾವೇರಿಯ ತೀರಕ್ಕೆ ಗಾಳದೊಡನೆ ಹೋಗಬೇಕೆಂಬ ಅಭಿಲಾಷೆ ಹಲವರಲ್ಲಿ ಹುಟ್ಟುವುದುಂಟು. ಅಂಥವರು ಮೊದಲೇ ತಿಳಿದಿರತಕ್ಕ ಸಂಗತಿಯೆಂದರೆ, ಹಿರಿಯ ಮೀನಿನ ಕಾಲ ಇದಲ್ಲ. ಗಾತ್ರವನ್ನೇ ಬಯಸುವವರು ನೀರು ತಗ್ಗಿ, ತಿಳಿಯಾಗಿ, ಬೆಚ್ಚಗಾಗುವ ಜನವರಿಯಿಂದ ಮಾರ್ಚಿಯವರೆಗಿನ ದಿನಗಳಿಗಾಗಿ ಕಾಯುವುದು ರೂಢಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿದ ಮಹಶೀರನ್ನು ಕಬಿನಿಯಿಂದ ಮೇಲೆಳೆದದ್ದೂ 1946ರ ಮಾರ್ಚಿಯಲ್ಲಿ. ಶರತ್ಕಾಲದಲ್ಲಿ ಬರುವವನಿಗೆ ದೊರೆಯುವ ಲಾಭ ಬೇರೊಂದು ಬಗೆಯದು: ದಿನದಿನಕ್ಕೂ ಬಣ್ಣ ಬದಲಿಸುವ ನೀರಿನ ಸ್ವಭಾವವನ್ನು ಕಣ್ಣಾರೆ ಕಂಡು ಅರಿಯುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಋತು ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಹೊರಡುವ ದಿನವನ್ನು ಗೊತ್ತುಮಾಡುವಲ್ಲಿ ಪಂಚಾಂಗದ ಮಳೆನಕ್ಷತ್ರಗಳು ಇಂದಿಗೂ ಉಪಯುಕ್ತವಾಗಿವೆ. ಸೆಪ್ಟೆಂಬರಿನ ಕೊನೆಗೆ ಹಸ್ತೆ, ಅಕ್ಟೋಬರಿನ ಎರಡನೆಯ ವಾರದಿಂದ ಚಿತ್ತೆ, ತಿಂಗಳ ಕಡೆಯ ವಾರದಿಂದ ಸ್ವಾತಿ. ಇವುಗಳಲ್ಲಿ ಚಿತ್ತೆಯ ಮಳೆ ಗುಡುಗುಸಿಡಿಲುಗಳೊಡನೆ ಅಪರಾಹ್ಣದಲ್ಲಿ ಅಕಸ್ಮಾತ್ತಾಗಿ ಎರಗಿ, ಬೆಳಿಗ್ಗೆ ಸ್ಫಟಿಕದಂತಿದ್ದ ಹೊಳೆಯನ್ನು ಸಂಜೆಗೆ ಕೆಂಪಗಾಗಿಸಿಬಿಡುತ್ತದೆ. ಮಳೆ ನಿಂತ ಬಳಿಕ ಚಿಕ್ಕ ಹಳ್ಳಗಳು ಬಹುಬೇಗ ತಿಳಿಯಾಗುತ್ತವೆ. ದೊಡ್ಡ ನದಿಗೆ ಹೆಚ್ಚು ಕಾಲಾವಕಾಶ ಬೇಕು. ದಡದ ಬಳಿ ಮೊಣಕಾಲುದ್ದದ ನೀರಿನಲ್ಲಿ ನಿಂತವನಿಗೆ ತನ್ನ ಪಾದದ ಬೆರಳುಗಳು ಕಾಣುವಂತಿದ್ದರೆ ಗಾಳ ಬಿಡಬಹುದು. ಕಾಣದಿದ್ದರೆ ಕೋಲನ್ನು ಕಟ್ಟಿಟ್ಟು, ತಿಳಿಯಾದ ಹಳ್ಳವೊಂದು ಕದಡಿದ ನದಿಯನ್ನು ಸೇರುವ ಸ್ಥಳವನ್ನು ಹುಡುಕಿಕೊಂಡು ಹೋಗುವುದು ಲೇಸು. ಕೆಂಪು ನೀರಿಗೂ ತಿಳಿನೀರಿಗೂ ನಡುವೆ ಗೆರೆಯೆಳೆದಂತೆ ಕಾಣುವ ಆ ಸಂಧಿಯಲ್ಲಿ, ಹಳ್ಳವು ಹೊತ್ತುತರುವ ಹುಳುಹುಪ್ಪಟೆಗಳಿಗಾಗಿ ಮೀನುಗಳು ಹೊಂಚುಹಾಕಿರುತ್ತವೆ.

ನೀರಿನ ಒಳಗಿನ ವ್ಯವಹಾರವೂ ಈ ಕಾಲಕ್ಕೆ ಬದಲಾಗುತ್ತದೆ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ಪ್ರಾಣವಾಯುವನ್ನು ಕರಗಿಸಿಕೊಳ್ಳಬಲ್ಲುದಾದ್ದರಿಂದಲೂ, ರಾತ್ರಿಗಳು ತಂಪಾಗುತ್ತ ಬರುವುದರಿಂದಲೂ, ಬೇಸಗೆಯಲ್ಲಿ ಅಬ್ಬಿಯ ನೊರೆಯಡಿಯಲ್ಲೇ ಕಿಕ್ಕಿರಿದಿರುತ್ತಿದ್ದ ಮೀನುಗಳು ಈಗ ನದಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಹರಿವು ಇನ್ನೂ ಬಿರುಸಾಗಿರುವೆಡೆಯಲ್ಲಿ ಬಂಡೆಗಳ ಮರೆ, ದಡದ ಬೇರುಗಳ ಅಡಿ, ಸೆಳವು ಮುಗಿದು ಮಡು ಆರಂಭವಾಗುವ ಜಾಗ, ಇವನ್ನು ಮೊದಲು ಪರೀಕ್ಷಿಸಬೇಕು. ಮಹಶೀರು ಮಳೆಗಾಲದ ನೆರೆಯಲ್ಲಿ ಮೇಲೇರಿ ಮೊಟ್ಟೆಯಿಡುವ ಜಾತಿಯಾದುದರಿಂದ, ಜಲ್ಲಿಕಲ್ಲು ಹಾಸಿದ ತೆಳುನೀರಿನಲ್ಲಿ ಅದರ ಮರಿಗಳು ಬೆಳೆಯುತ್ತಿರುವುದುಂಟು. ಅಂಥಲ್ಲಿ ನೀರಿಗಿಳಿದು ತುಳಿದಾಡುವುದು ಮುಂದಿನ ವರ್ಷಗಳ ಸಂಪತ್ತನ್ನು ಇಂದೇ ಹಾಳುಮಾಡಿದಂತೆ.

ಎಲ್ಲಿ ಗಾಳ ಹಾಕಬಹುದೆಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳು ಒಂದು ಕಾಲಕ್ಕೆ ದೇಶದೇಶಗಳ ಗಾಳಗಾರರನ್ನು ಸೆಳೆದಿದ್ದ ತಾಣಗಳು. ಅವು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಈಗ ಅಲ್ಲಿ ಗಾಳಕ್ಕೆ ಅವಕಾಶವಿಲ್ಲ. ಹಳೆಯ ಪುಸ್ತಕಗಳನ್ನು ನಂಬಿ ಕೋಲು ಹೊತ್ತು ಹೋದವನು ಅದನ್ನು ಬಿಚ್ಚದೆಯೇ ಹಿಂದಿರುಗಬೇಕಾಗುತ್ತದೆ. ಇದನ್ನು ಕಷ್ಟವೆಂದು ಗೊಣಗುವವರಿಗೆ ನಾನು ಹೇಳುವುದಿಷ್ಟೆ: ಕಾವೇರಿಯ ಜಲಾನಯನದ ಹೊರಗೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಕೊಡಗಿನಲ್ಲಿ ವಾಲ್ನೂರಿನ ಬಳಿಯ ನದೀಭಾಗವನ್ನು ಕೊಡಗು ವನ್ಯಜೀವಿ ಸಂಘವು ಬಹುಕಾಲದಿಂದ ಕಾಪಾಡಿಕೊಂಡು ಬಂದಿದ್ದು, ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಡಬೇಕೆಂಬ ನಿಯಮದ ಮೇಲೆ ಪರವಾನಗಿ ಕೊಡುತ್ತ ಬಂದಿದೆ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಹೊರಡುವ ಮುನ್ನವೇ ಸಂಘವನ್ನೂ ಮೀನುಗಾರಿಕೆ ಇಲಾಖೆಯನ್ನೂ ವಿಚಾರಿಸಿ ಅನುಮತಿಯನ್ನು ಬರೆಹದಲ್ಲಿ ಪಡೆಯತಕ್ಕದ್ದು.

ಎರೆಯ ವಿಷಯದಲ್ಲಿ ಕಾವೇರಿಯದು ತನ್ನದೇ ಸಂಪ್ರದಾಯ. ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿಹಿಟ್ಟಿನ ಉಂಡೆಯೇ ಇಲ್ಲಿಯ ಪುರಾತನ ಎರೆ. ಮುದ್ದೆ ಉಣ್ಣುವ ನಾಡಿನಲ್ಲಿ ಮೀನೂ ಮುದ್ದೆಗೆ ಒಲಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಕದಡಿದ ನೀರಿನಲ್ಲಿ ಕಣ್ಣಿಗಿಂತ ವಾಸನೆಯೇ ಮೀನಿಗೆ ದಾರಿ ತೋರುವುದರಿಂದ, ಹೊಳೆಯುವ ಲೋಹದ ಹುಸಿ ಎರೆಗಿಂತ ಉಂಡೆಯೂ ಎರೆಹುಳುವೂ ಮೇಲು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸಮಾಡಿಕೊಂಡರೆ ಮೀನನ್ನು ಬಿಡಿಸುವುದು ಸುಲಭ; ಒದ್ದೆ ಕೈಯಲ್ಲಿ ಹಿಡಿದು, ನೀರಿನಿಂದ ಮೇಲೆತ್ತದೆಯೇ ಬಿಡಿಸಿ, ಹರಿವಿಗೆ ಮುಖಮಾಡಿಸಿ ಅದು ತಾನಾಗಿ ಈಜಿಹೋಗುವತನಕ ಆಧಾರ ಕೊಡಬೇಕು.

ಬಯಲುಸೀಮೆಯ ಕೆರೆಗಳ ಮಾತು ಬೇರೆ. ಅವುಗಳಲ್ಲಿ ಬಹುಪಾಲು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಸೇರಿದವು; ಮಳೆಯಲ್ಲಿ ಕೆರೆ ತುಂಬಿದೊಡನೆ ಕಾಟ್ಲಾ, ರೋಹು, ಗೆಂಡೆಗಳ ಮರಿಗಳನ್ನು ಬಿಡುವುದರಿಂದ ಈ ದಿನಗಳಲ್ಲಿ ಗಾಳದವನನ್ನು ಕಂಡರೆ ಅವರಿಗೆ ಸಿಡುಕು ಬರುವುದು ಸಹಜ. ಅನುಮತಿ ದೊರೆತರೆ, ನೀರು ಹೊಸದಾಗಿ ಆವರಿಸಿದ ಹುಲ್ಲಂಚಿನಲ್ಲಿ ಬೆಂಡು ಕಟ್ಟಿ ಕೂರಬಹುದು. ಜಿಲೇಬಿ ಮೀನು ಅಲ್ಲಿ ಸುಲಭವಾಗಿ ಸಿಗುತ್ತದೆ. ಎರಡು ಮೂರು ದಿನ ಮೋಡ ಮುಸುಕಿ ಗಾಳಿಯಿಲ್ಲದಿದ್ದರೆ, ಮುಂಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯ್ದೆರೆಯುತ್ತಿರುತ್ತವೆ. ಅದನ್ನು ಹಸಿವೆಂದು ತಿಳಿಯಬಾರದು, ಅದು ಉಸಿರಿನ ಕೊರತೆ. ಆ ದಿನ ಎರೆ ವ್ಯರ್ಥ.

ಗಾಳದ ಅನುಮತಿ ಸಿಗದವರೂ, ಹಿಂಸೆಯೊಲ್ಲದ ಮನೆಯವರೊಡನೆ ಬಂದವರೂ ನಿರಾಶರಾಗಬೇಕಿಲ್ಲ. ಕಾವೇರೀತೀರದ ರಾಮನಾಥಪುರ, ತುಂಗಾತೀರದ ಶೃಂಗೇರಿ, ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಪಿಲೆಯ ದಡದ ಶಿಶಿಲ, ಇಲ್ಲೆಲ್ಲ ದೇವರ ಮೀನುಗಳೆಂದು ಜನ ಕಾಪಾಡಿಕೊಂಡು ಬಂದ ಮತ್ಸ್ಯಸಮೂಹಗಳಿವೆ. 1996ರಲ್ಲಿ ಶಿಶಿಲದ ಹೊಳೆಗೆ ದುರುಳರು ವಿಷ ಬೆರೆಸಿ ಸಾವಿರಾರು ಮೀನುಗಳನ್ನು ಕೊಂದರೂ ಆ ಸಂತತಿ ಮತ್ತೆ ಚೇತರಿಸಿಕೊಂಡಿತು. ನೆರೆಯ ಕಾಲದಲ್ಲಿ ಕಾಣದ ಇವು ನೀರು ತಿಳಿಯಾದೊಡನೆ ಸೋಪಾನದ ಬಳಿಯೇ ಗುಂಪುಗೂಡುತ್ತವೆ.

ಅಪಾಯಗಳನ್ನು ಲಘುವಾಗಿ ಎಣಿಸಲಾಗದು. ಅಣೆಕಟ್ಟುಗಳ ಕೆಳಗೆ ಮಳೆಯಿಲ್ಲದ ದಿನವೂ ನೀರು ಏಕಾಏಕಿ ಏರುತ್ತದೆಯಾದ್ದರಿಂದ ನಡುಹೊಳೆಯ ಬಂಡೆಗೆ ಹೋಗಿ ಕೂರುವ ಚಪಲವನ್ನು ಬಿಡಬೇಕು. ಪಾಚಿಗಟ್ಟಿದ ಕಲ್ಲು, ಮಡುಗಳಲ್ಲಿಯ ಮೊಸಳೆ, ಸಂಜೆಗೆ ನೀರಿಗಿಳಿಯುವ ಆನೆ, ಕೊಡಗಿನ ಜಿಗಣೆ, ಎಲ್ಲವೂ ಲೆಕ್ಕದಲ್ಲಿರಲಿ. ಹರಿಗೋಲನ್ನು ಸ್ಥಳೀಯ ಅಂಬಿಗನೇ ನಡೆಸಲಿ, ಜೀವರಕ್ಷಕ ಅಂಗಿಯನ್ನು ತೊಟ್ಟೇ ಏರಬೇಕು. ವಸತಿಯ ವಿಚಾರದಲ್ಲಿ, ದಸರೆಯ ದಿನಗಳಲ್ಲಿ ಮೈಸೂರೂ, ಅಕ್ಟೋಬರ್ 17ರ ಸುಮಾರಿನ ತುಲಾಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವದ ಯಾತ್ರಿಕರಿಂದ ಕೊಡಗೂ ತುಂಬಿರುವುದರಿಂದ, ಸಂಕ್ರಮಣ ಕಳೆದು ದೀಪಾವಳಿಗೆ ಮುಂಚೆ ಬಿಡುವಿರುವ ವಾರದ ನಡುದಿನಗಳನ್ನೇ ಆರಿಸಿಕೊಂಡು ಕೋಣೆಯನ್ನು ಮುಂಗಡವಾಗಿ ಕಾದಿರಿಸುವುದು ಒಳ್ಳೆಯದು.